ಗಾಳಿ ತಿಳಿಯಾಯಿತು, ಮಣ್ಣಿನ ಲೆಕ್ಕ ಇನ್ನೂ ಬಾಕಿ

ಫೋನ್ ತೆಗೆದು ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ, ನೋಡುವುದು ಈಗ ಮಳೆ ಬರುತ್ತಾ ಅಂತ ನೋಡುವಷ್ಟೇ ಮಾಮೂಲಿಯಾಗಿದೆ. ಹಸಿರು ಇದ್ದರೆ ನಿರಾಳ. ಕೆಂಪಾದರೆ ಕಿಟಕಿ ಹಾಕು, ಮಾಸ್ಕ್ ಹುಡುಕು. ತಪ್ಪೇನಿಲ್ಲ. ಆದರೆ ಆ ಸಂಖ್ಯೆಯನ್ನು ಕಟ್ಟಿರುವುದೇ ಮನುಷ್ಯರ ಆರೋಗ್ಯಕ್ಕಾಗಿ. ಇವತ್ತಿನ ಗಾಳಿ ಉಸಿರಾಡಿದರೆ ನಮ್ಮ ಎದೆಗೆ ಏನಾಗುತ್ತದೆ ಅನ್ನುವುದಷ್ಟನ್ನೇ ಅದು ಹೇಳುತ್ತದೆ. ಎಲೆಗೆ, ಬೇರಿಗೆ, ಮಣ್ಣಿನೊಳಗಿನ ಹುಳಕ್ಕೆ, ಆ ಹುಳ ತಿನ್ನುವ ಹಕ್ಕಿಗೆ ಏನಾಗುತ್ತದೆ ಅನ್ನುವುದು ಅದರ ಲೆಕ್ಕದಲ್ಲೇ ಇಲ್ಲ.

ನನ್ನ ತಕರಾರು ಇರುವುದು ಅಲ್ಲೇ. ಗಾಳಿಗೆ ಸೇರಿದ ಕೊಳೆ ಗಾಳಿಯಲ್ಲೇ ಉಳಿಯುವುದಿಲ್ಲ, ಇಳಿಯುತ್ತದೆ. ಮಳೆಯ ಜೊತೆ, ಮಂಜಿನ ಜೊತೆ, ಒಣ ಧೂಳಾಗಿ ಕೆಳಗೆ ಬೀಳುತ್ತದೆ. ಒಳ್ಳೆ ಮಳೆ ಬಂದು ಸಂಖ್ಯೆ ಹಸಿರಾದಾಗ ನಾವು 'ಅಬ್ಬಾ, ಗಾಳಿ ತೊಳೆದುಹೋಯ್ತು' ಅಂತೀವಲ್ಲ, ತೊಳೆದದ್ದು ಹೋಗಿದ್ದೆಲ್ಲಿಗೆ? ನಮ್ಮ ಕಾಲ ಕೆಳಗಿನ ನೆಲಕ್ಕೆ. ಅಲ್ಲಿ ಅದು ದಿನದ ಲೆಕ್ಕದಲ್ಲಿ ಕರಗುವುದಿಲ್ಲ. ಕೆಲವೊಮ್ಮೆ ಹತ್ತಾರು ವರ್ಷ ಕೂತಿರುತ್ತದೆ.

ಮೊದಲು ಎಲೆ. ಎಲೆಯ ಮೈಮೇಲೆ, ಹೆಚ್ಚಾಗಿ ಕೆಳಬದಿಯಲ್ಲಿ, ಪತ್ರರಂಧ್ರ ಅನ್ನುವ ಪುಟ್ಟ ಬಾಯಿಗಳಿವೆ. ಆಹಾರ ತಯಾರಿಸಲು ಕಾರ್ಬನ್ ಡೈಆಕ್ಸೈಡ್ ಬೇಕು, ಅದಕ್ಕೆ ಬಾಯಿ ತೆರೆಯಲೇಬೇಕು, ತೆರೆದರೆ ಗಾಳಿಯಲ್ಲಿ ಏನಿದೆಯೋ ಅದೆಲ್ಲವೂ ಒಳಗೆ. ಗಿಡ ಬಾಗಿಲು ಹಾಕಿಕೊಂಡು ಕೂರಬಹುದು, ಆದರೆ ಹಾಗೆ ಕೂತಷ್ಟು ಹೊತ್ತು ಉಪವಾಸ. ಮಾಸ್ಕ್ ಅಂತೂ ಇಲ್ಲ.

ಹೀಗೆ ಒಳಗೆ ನುಗ್ಗುವವರಲ್ಲಿ ಬೆಳೆಗಳಿಗೆ ಅತಿ ಹೆಚ್ಚು ನಷ್ಟ ಮಾಡುವುದು ಓಝೋನ್. ಆಕಾಶದಲ್ಲಿ ಬಹಳ ಎತ್ತರದಲ್ಲಿದ್ದು ಸೂರ್ಯನ ಅತಿನೇರಳೆ ಕಿರಣ ತಡೆಯುತ್ತದಲ್ಲ, ಅದೇ ಅನಿಲ. ನೆಲದ ಹತ್ತಿರ ಇದ್ದರೆ ವಿಷ. ಇದು ಯಾವ ಹೊಗೆಕೊಳವೆಯಿಂದಲೂ ನೇರವಾಗಿ ಬರುವುದಿಲ್ಲ ಅನ್ನುವುದು ಪತ್ತೆಯಾದ ಕಥೆ ಚೆನ್ನಾಗಿದೆ. 1940ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಸುತ್ತಮುತ್ತ ತರಕಾರಿ ಬೆಳೆಯುವವರ ಸೊಪ್ಪಿನ ಎಲೆಗಳು ಬೆಳ್ಳಿ ಬಳಿದಂತೆ, ಕಂಚು ಬಳಿದಂತೆ ಆಗತೊಡಗಿದವು. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಆಗ ಅಲ್ಲಿ ಅನಾನಸ್ ಹಣ್ಣಿನ ಘಮದಲ್ಲಿ ಏನೇನಿದೆ ಅಂತ ಬಿಡಿಸಿ ನೋಡುತ್ತಿದ್ದ ಆರೀ ಹಾಗೆನ್-ಸ್ಮಿತ್ ಎಂಬ ರಸಾಯನ ವಿಜ್ಞಾನಿ, ಅದೇ ವಿದ್ಯೆಯನ್ನು ಊರಿನ ಹೊಗೆಮಂಜಿನ ಮೇಲೆ ಪ್ರಯೋಗಿಸಿದರು. ವಾಹನದ ಹೊಗೆಯ ನೈಟ್ರೋಜನ್ ಆಕ್ಸೈಡುಗಳು ಮತ್ತು ಪೆಟ್ರೋಲ್ ಆವಿ ಬಿಸಿಲಿನಲ್ಲಿ ಬೆಂದು ಓಝೋನ್ ಹುಟ್ಟುತ್ತದೆ ಅಂತ ತೋರಿಸಿಕೊಟ್ಟರು. ಅಂದರೆ ನಗರದ ಈ ಕೊಳೆ ಮನುಷ್ಯರ ಕೆಮ್ಮಿನಲ್ಲಷ್ಟೇ ಅಲ್ಲ, ಸೊಪ್ಪಿನ ಎಲೆಯಲ್ಲೂ ಸಹಿ ಹಾಕಿತ್ತು.

ಬಿಸಿಲಿನಲ್ಲಿ ಬೇಯಲು ಹೊತ್ತು ಬೇಕಲ್ಲ, ಅಷ್ಟರಲ್ಲಿ ಗಾಳಿ ಮುಂದೆ ಹೋಗಿರುತ್ತದೆ. ಜೊತೆಗೆ ವಾಹನದಿಂದ ಆಗಷ್ಟೇ ಹೊರಬಿದ್ದ ನೈಟ್ರಿಕ್ ಆಕ್ಸೈಡ್ ಅಲ್ಲೇ ಇರುವ ಓಝೋನನ್ನು ತಿಂದುಹಾಕುತ್ತದೆ. ಹೀಗಾಗಿ ಎಷ್ಟೋ ಸಲ ನಗರದ ನಡುವಿನ ಸರ್ಕಲ್‌ನಲ್ಲಿ ಓಝೋನ್ ಕಮ್ಮಿ, ಗಾಳಿ ಬೀಸುವ ದಿಕ್ಕಿನಲ್ಲಿ ಎಷ್ಟೋ ಕಿಲೋಮೀಟರ್ ಆಚೆಯ ಹೊಲದಲ್ಲಿ ಜಾಸ್ತಿ! ಅಳೆಯುವ ಯಂತ್ರಗಳೋ, ಜನ ಇರುವಲ್ಲಿ ಗುಂಪಾಗಿ ಕೂತಿವೆ.

ಒಳಗೆ ಹೋದ ಓಝೋನ್ ಎಲೆಯ ಜೀವಕೋಶದ ಪೊರೆಯನ್ನು ಸುಡುತ್ತದೆ. ಗಿಡ ಸುಮ್ನೆ ಕೂರುವುದಿಲ್ಲ, ರಿಪೇರಿಗೆ ಇಳಿಯುತ್ತದೆ. ಆ ರಿಪೇರಿಗೆ ಬೇಕಾದ ಸಕ್ಕರೆ ಕಾಳಿಗೆ, ಬೇರಿಗೆ ಹೋಗಬೇಕಿದ್ದ ಸಕ್ಕರೆ. ಎಲೆ ಬೇಗ ಮುದಿಯಾಗುತ್ತದೆ, ಕಾಳು ಸಣ್ಣದಾಗುತ್ತದೆ, ಬೇರು ಕಮ್ಮಿಯಾಗುತ್ತದೆ. ಹೊರಗಿನಿಂದ ನೋಡಿದರೆ ಗಿಡ ಹಸಿರಾಗಿಯೇ ಇರಬಹುದು. ಬೆಲ್-ಡಬ್ಲ್ಯು3 ಎಂಬ ತಂಬಾಕಿನ ತಳಿಯೊಂದಿದೆ, ಓಝೋನ್ ತಗುಲಿದರೆ ಎಲೆ ತುಂಬ ಬಿಳಿ ಚುಕ್ಕೆ ಮೂಡಿಸಿ ಅಳುಮುಂಜಿ ಮಗುವಿನ ಹಾಗೆ ಗಲಾಟೆ ಮಾಡುತ್ತದೆ. ಅದಕ್ಕೇ ವಿಜ್ಞಾನಿಗಳು ಅದನ್ನು ಅಳತೆಗೋಲಾಗಿ ನೆಟ್ಟು ನೋಡುತ್ತಾರೆ. ಗೋಧಿ, ಸೋಯಾ ಹಾಗಲ್ಲ. ಸದ್ದಿಲ್ಲದೆ ಇಳುವರಿ ಕಳೆದುಕೊಳ್ಳುತ್ತವೆ. 2000ನೇ ಇಸವಿಯ ಗಾಳಿಯನ್ನು ಇಟ್ಟುಕೊಂಡು ಮಾಡಿದ ಜಾಗತಿಕ ಲೆಕ್ಕವೊಂದರ ಪ್ರಕಾರ ಸೋಯಾ ಇಳುವರಿಯಲ್ಲಿ ಶೇ 8.5ರಿಂದ 14, ಗೋಧಿಯಲ್ಲಿ ಶೇ 3.9ರಿಂದ 15, ಮೆಕ್ಕೆಜೋಳದಲ್ಲಿ ಶೇ 2.2ರಿಂದ 5.5ರಷ್ಟು ಓಝೋನ್ ಪಾಲಾಗಿತ್ತು. ಗೋಧಿಯ ಅಂದಾಜು ಅಷ್ಟು ಅಗಲವಾಗಿರುವುದಕ್ಕೆ ಕಾರಣ ಲೆಕ್ಕ ಹಾಕುವ ಕ್ರಮಗಳು ಬೇರೆ ಬೇರೆ ಇರುವುದು. ಗಾಳಿಯ ನೂರು ಕೋಟಿ ಭಾಗದಲ್ಲಿ ಓಝೋನ್ 40 ಭಾಗ ದಾಟಿದ ಹಗಲಿನ ಗಂಟೆಗಳಲ್ಲಿ ಎಷ್ಟು ದಾಟಿತೋ ಅಷ್ಟನ್ನು, ಬೆಳೆಯ ಕಾಲ ಪೂರ್ತಿ ಕೂಡಿಸುತ್ತಾ ಹೋಗುವುದು ಯುರೋಪಿನಲ್ಲಿ ರೂಢಿಯಾದ ಕ್ರಮ. ಈ ಕೂಡಿಸುವುದು ಅನ್ನುವ ಮಾತನ್ನು ನೆನಪಿಡಿ. ನೆಲದ ಮೇಲಿನ ಎಲ್ಲ ಹಾನಿಗೂ ಇದೇ ಸ್ವಭಾವ. ಇವತ್ತಿನ ಸಂಖ್ಯೆ ಎಷ್ಟು ಅನ್ನುವುದಕ್ಕಿಂತ ಒಟ್ಟು ಎಷ್ಟು ಬಿತ್ತು ಅನ್ನುವುದು ಮುಖ್ಯ.

ಈಗ ಮಣ್ಣಿಗೆ ಬರೋಣ. ನನಗೆ ಇಡೀ ವಿಷಯದಲ್ಲಿ ಅತಿ ಕುತೂಹಲದ ಭಾಗ ಇದು, ಸ್ವಲ್ಪ ತಾಳ್ಮೆಯಿಂದ ಓದಿ.

ಕಲ್ಲಿದ್ದಲು ಸುಟ್ಟರೆ ಬರುವ ಸಲ್ಫರ್ ಡೈಆಕ್ಸೈಡ್, ವಾಹನ ಮತ್ತು ಬಾಯ್ಲರ್‌ಗಳ ನೈಟ್ರೋಜನ್ ಆಕ್ಸೈಡ್, ಎರಡೂ ಗಾಳಿಯಲ್ಲಿ ಆಮ್ಲವಾಗಿ ಮಳೆಯಲ್ಲಿ ಇಳಿಯುತ್ತವೆ. ಶುದ್ಧ ಮಳೆಯೂ ಸ್ವಲ್ಪ ಹುಳಿಯೇ, ಹುಳಿ ಅಳೆಯುವ ಪಿಎಚ್ ಅಂಕಿ ಸುಮಾರು 5.6. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ 1963ರಿಂದ ಜೀನ್ ಲೈಕೆನ್ಸ್ ಮತ್ತು ಅವರ ಜೊತೆಗಾರರು ಮಳೆನೀರನ್ನು ಅಳೆಯುತ್ತಾ ಹೋದಾಗ ಸಿಕ್ಕಿದ್ದು 4ರ ಆಸುಪಾಸು. ಪಿಎಚ್‌ನಲ್ಲಿ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿದಂತೆ, ಆದ್ದರಿಂದ ಇದು ಸಣ್ಣ ವ್ಯತ್ಯಾಸ ಅಲ್ಲ. ಹತ್ತಿರದಲ್ಲಿ ದೊಡ್ಡ ಕಾರ್ಖಾನೆ ಯಾವುದೂ ಇಲ್ಲದ ಕಾಡು ಅದು.

ಆದರೆ ಹುಳಿ ಮಳೆ ಅಂದ ತಕ್ಷಣ ಎಲೆ ಸುಟ್ಟು ಕರಕಲಾಗುವ ಚಿತ್ರ ಕಣ್ಣಿಗೆ ಬರುತ್ತದಲ್ಲ, ನಿಜವಾದ ಹಾನಿ ಅಷ್ಟು ನಾಟಕೀಯವಾಗಿಲ್ಲ. ಮಣ್ಣಿನ ಜೇಡಿ ಕಣಗಳು ಮತ್ತು ಕೊಳೆತ ಎಲೆಯ ಅಂಶ ಕ್ಯಾಲ್ಸಿಯಂ, ಮೆಗ್ನೀಸಿಯಂ ಅನ್ನು ಹಿಡಿದಿಟ್ಟುಕೊಂಡಿರುತ್ತವೆ, ಗಿಡಕ್ಕೆ ಬೇಕಾದಾಗ ಕೊಡಲು ಇಟ್ಟ ಉಳಿತಾಯ ಖಾತೆಯಂತೆ. ಆಮ್ಲದ ಹೈಡ್ರೋಜನ್ ಬಂದು ಕ್ಯಾಲ್ಸಿಯಂ ಅನ್ನು ಜಾಗದಿಂದ ತಳ್ಳಿ ತಾನು ಕೂರುತ್ತದೆ. ತಳ್ಳಿಸಿಕೊಂಡ ಕ್ಯಾಲ್ಸಿಯಂ ನೀರಿನಲ್ಲಿ ಹರಿದು ಹೊಳೆ ಸೇರುತ್ತದೆ. ಸುಣ್ಣಕಲ್ಲಿನ ನೆಲವಾದರೆ ಚಿಂತೆ ಇಲ್ಲ, ಖಾತೆ ತಾನಾಗೇ ತುಂಬುತ್ತಿರುತ್ತದೆ. ಗ್ರಾನೈಟಿನ ಮೇಲಿನ ತೆಳು ಮಣ್ಣಾದರೆ ಬಂಡೆ ಸವೆದು ಮತ್ತೆ ಅಷ್ಟು ಕ್ಯಾಲ್ಸಿಯಂ ಬರಲು ಯುಗ ಬೇಕು. ಖಾತೆ ಖಾಲಿಯಾದ ಮೇಲೆ ಅಲ್ಯೂಮಿನಿಯಂ ಕರಗಲು ಶುರುವಾಗುತ್ತದೆ. ಅದುವರೆಗೆ ಮಣ್ಣಿನಲ್ಲಿ ಗಟ್ಟಿಯಾಗಿ ಯಾರಿಗೂ ತೊಂದರೆ ಕೊಡದೆ ಮಲಗಿದ್ದ ಲೋಹ ಅದು. ಕರಗಿದರೆ ಬೇರಿಗೆ ವಿಷ.

ಅಮೆರಿಕದ ಈಶಾನ್ಯ ಬೆಟ್ಟಗಳ ಕೆಂಪು ಸ್ಪ್ರೂಸ್ ಮರಗಳು ಸತ್ತದ್ದು ಹೀಗೆ ಸುತ್ತುಬಳಸಿ. ಸೂಜಿಯೆಲೆಯ ಜೀವಕೋಶದ ಪೊರೆಯಿಂದ ಕ್ಯಾಲ್ಸಿಯಂ ತೊಳೆದುಹೋಗಿ ಮರಕ್ಕೆ ಚಳಿ ತಡೆಯುವ ಶಕ್ತಿ ಕುಗ್ಗಿತು, ಆಮೇಲೆ ಎಂದಿನ ಚಳಿಗಾಲ ಬಂದು ಕೊಂದಿತು. ಸತ್ತ ಮರದ ಮುಂದೆ ನಿಂತು ಕಾರಣ ಕೇಳಿದರೆ 'ಹಿಮ' ಅನ್ನಬೇಕು! ಇಂಥ ಸಾವುಗಳಲ್ಲಿ ಹೊಗೆಯ ಹೆಸರು ದಾಖಲಾಗುವುದೇ ಕಷ್ಟ.

ಹಬ್ಬರ್ಡ್ ಬ್ರೂಕ್‌ನಲ್ಲಿ 1999ರಲ್ಲಿ ಒಂದು ಪ್ರಯೋಗ ಮಾಡಿದರು. ಒಂದು ಇಡೀ ಹಳ್ಳದ ಜಲಾನಯನ ಪ್ರದೇಶದ ಮೇಲೆ ಹೆಲಿಕಾಪ್ಟರಿನಿಂದ ಕ್ಯಾಲ್ಸಿಯಂ ಇರುವ ಖನಿಜದ ಗುಳಿಗೆ ಸುರಿದರು, ಮಳೆ ಕದ್ದಷ್ಟನ್ನು ವಾಪಸ್ ಕೊಡುವ ಲೆಕ್ಕದಲ್ಲಿ. ಮುಂದಿನ ವರ್ಷಗಳಲ್ಲಿ ಆ ಕಾಡಿನ ಮರಗಳು ಪಕ್ಕದ ಕಾಡಿಗಿಂತ ಹೆಚ್ಚು ಬೆಳೆದವು, ಎಲೆಯೂ ಜಾಸ್ತಿ ಬಂತು. ಕಳ್ಳ ಯಾರು ಅನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ ಅಂತ ನನಗನ್ನಿಸುತ್ತದೆ.

ಮಣ್ಣಿನಿಂದ ಹಕ್ಕಿಗೆ ದಾರಿ ಹೇಗೆ? ನೆದರ್ಲೆಂಡ್ಸ್‌ನ ಮರಳು ಮಣ್ಣಿನ ಕಾಡುಗಳಲ್ಲಿ 1980ರ ದಶಕದಲ್ಲಿ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಗಳ ಮೊಟ್ಟೆ ಕೆಡತೊಡಗಿದವು. ತೆಳು ಚಿಪ್ಪು, ತೂತು ಚಿಪ್ಪು, ಕೆಲವಕ್ಕೆ ಚಿಪ್ಪೇ ಇಲ್ಲ. ಖಾಲಿ ಗೂಡಿನಲ್ಲಿ ಕಾವು ಕೊಡುತ್ತಾ ಕೂತ ತಾಯಿಹಕ್ಕಿಗಳೂ ಇದ್ದವು. ಮೊದಲು ಯಾವುದೋ ಕೀಟನಾಶಕ ಇರಬೇಕು ಅನ್ನಿಸುವುದು ಸಹಜ. ಆದರೆ ಇಲ್ಲಿ ವಿಷವೇ ಇರಲಿಲ್ಲ. ಈ ಹಕ್ಕಿಗಳು ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣದಂಶವನ್ನು ಬಸವನಹುಳುವಿನ ಚಿಪ್ಪು ತಿಂದು ಪಡೆಯುತ್ತವೆ. ಮಣ್ಣಿನ ಕ್ಯಾಲ್ಸಿಯಂ ಹೋಯಿತು, ಬಸವನಹುಳು ಹೋದವು, ಚಿಪ್ಪು ಹೋಯಿತು. ಕೋಳಿ ಸಾಕುವವರು ಹಾಕುವ ಚಿಪ್ಪಿನ ಪುಡಿಯೋ, ಜನ ಊಟ ಕಟ್ಟಿಕೊಂಡು ಬರುವ ಜಾಗದಲ್ಲಿ ಬಿದ್ದ ಕೋಳಿಮೊಟ್ಟೆ ಚಿಪ್ಪೋ ಸಿಕ್ಕ ಹಕ್ಕಿಗಳ ಮೊಟ್ಟೆ ಮಾತ್ರ ಗಟ್ಟಿಯಾಗೇ ಇತ್ತು. ಹಕ್ಕಿಗೆ ತಗುಲಿದ್ದು ಕೊರತೆ. ಅದನ್ನು ಯಾವ ಲ್ಯಾಬಿನಲ್ಲಿ ವಿಷ ಹುಡುಕಿದರೂ ಸಿಗುವುದಿಲ್ಲ ಅಲ್ವಾ?

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 1980ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ಕಾಡುಗಳೆಲ್ಲ ಕೆಲವೇ ವರ್ಷದಲ್ಲಿ ಸಾಯುತ್ತವೆ ಅಂತ ದೊಡ್ಡ ಭಯ ಹಬ್ಬಿತ್ತು. ಹಾಗಾಗಲಿಲ್ಲ. ಜೆಕ್-ಜರ್ಮನ್ ಗಡಿಯ ಅದಿರು ಬೆಟ್ಟಗಳಲ್ಲಿ ಕಳಪೆ ಕಂದು ಕಲ್ಲಿದ್ದಲಿನ ಹೊಗೆಗೆ ಸ್ಪ್ರೂಸ್ ಕಾಡು ಗುಡ್ಡಗಟ್ಟಲೆ ಸತ್ತದ್ದು ನಿಜ, ಆದರೆ ದೇಶದ ಕಾಡು ಪೂರ್ತಿ ಸಾಯಲಿಲ್ಲ. ಹಾಗಂತ 'ಎಲ್ಲಾ ಸುಳ್ಳು ಗುಲ್ಲು' ಅನ್ನುವವರ ಜೊತೆಯೂ ನಾನಿಲ್ಲ. ಆ ಭಯದಿಂದಲೇ ವಿದ್ಯುತ್ ಸ್ಥಾವರಗಳ ಚಿಮಣಿಗೆ ಗಂಧಕ, ಅಂದರೆ ಸಲ್ಫರ್, ಹಿಡಿಯುವ ಯಂತ್ರ ಬಂದವು, ಗಂಧಕ ಇಳಿಯಿತು.

ಗಂಧಕ ಇಳಿಯಿತು, ಆದರೆ ನೈಟ್ರೋಜನ್ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಇಲ್ಲಿ ಕಥೆ ಉಲ್ಟಾ. ನೈಟ್ರೋಜನ್ ಅಂದರೆ ಗೊಬ್ಬರ. ವಾಹನದ ಹೊಗೆಯಿಂದ ನೈಟ್ರೋಜನ್ ಆಕ್ಸೈಡ್, ಸಗಣಿ-ಗಂಜಲ ಮತ್ತು ಯೂರಿಯಾದಿಂದ ಅಮೋನಿಯಾ ಗಾಳಿಗೆ ಏರಿ, ಯಾರೂ ಕೇಳದಿದ್ದರೂ ಕಾಡು-ಹುಲ್ಲುಗಾವಲಿನ ಮೇಲೆ ವರ್ಷವಿಡೀ ಗೊಬ್ಬರವಾಗಿ ಬೀಳುತ್ತದೆ. ಒಳ್ಳೆಯದೇ ಅಲ್ವಾ ಅನ್ನಿಸಬಹುದು. ಕೃಷಿಕನಿಗೆ ಒಳ್ಳೆಯದೇ. ಆದರೆ ಕಾಡುಗಿಡಗಳಲ್ಲಿ ಬಹಳಷ್ಟು ಬಡ ಮಣ್ಣಿಗೆ ಒಗ್ಗಿಕೊಂಡು, ಕಮ್ಮಿ ತಿಂದು ಬದುಕುವ ಜಾಣ್ಮೆಯಿಂದಲೇ ಉಳಿದವು. ಗೊಬ್ಬರ ಬಿದ್ದರೆ ನಾಲ್ಕಾರು ಜಾತಿಯ ಒರಟು ಹುಲ್ಲು ಎದೆಯೆತ್ತರ ಬೆಳೆದು ಉಳಿದವಕ್ಕೆ ಬೆಳಕೇ ಸಿಗದಂತೆ ಮಾಡುತ್ತವೆ. ಬ್ರಿಟನ್ನಿನ ಹುಳಿ ಮಣ್ಣಿನ ಹುಲ್ಲುಗಾವಲುಗಳನ್ನು ಅಳೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿದ್ದು, ಹೆಕ್ಟೇರಿಗೆ ವರ್ಷಕ್ಕೆ ಎರಡೂವರೆ ಕಿಲೋ ನೈಟ್ರೋಜನ್ ಹೆಚ್ಚಾದಂತೆಲ್ಲ ನಾಲ್ಕು ಚದರ ಮೀಟರ್ ಜಾಗದಿಂದ ಒಂದೊಂದು ಸಸ್ಯಜಾತಿ ಮಾಯವಾಗುತ್ತದೆ ಅಂತ. ಮಣ್ಣಿನೊಳಗೂ ಇದೇ ಗತಿ. ಮರದ ಬೇರಿಗೆ ಅಂಟಿಕೊಂಡು ಪೋಷಕಾಂಶ ತಂದುಕೊಟ್ಟು ಸಕ್ಕರೆ ಪಡೆಯುವ ಶಿಲೀಂಧ್ರಗಳಿವೆ. ನೈಟ್ರೋಜನ್ ಬಿಟ್ಟಿ ಸಿಗುವಾಗ ಮರ ಆ ಕೂಲಿ ಕೊಡುವುದನ್ನು ಕಮ್ಮಿ ಮಾಡುತ್ತದೆ, ಶಿಲೀಂಧ್ರಗಳ ಬಗೆ ಕುಗ್ಗುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಬೇ ಚೆಕರ್‌ಸ್ಪಾಟ್ ಎಂಬ ಚಿಟ್ಟೆ ಇದೆ. ನೈಟ್ರೋಜನ್ ತೀರಾ ಕಮ್ಮಿ ಇರುವ ಸರ್ಪೆಂಟೈನ್ ಶಿಲೆಯ ಮಣ್ಣಿನಲ್ಲಿ ಬೆಳೆಯುವ ಒಂದು ಗಿಡ್ಡ ಗಿಡ ಅದರ ಮರಿಹುಳದ ಆಹಾರ. ಹೆದ್ದಾರಿಗಳ ಹೊಗೆ ಆ ಗುಡ್ಡಗಳಿಗೆ ಗೊಬ್ಬರ ಹಾಕುತ್ತಾ ಹೋಯಿತು, ಹೊರದೇಶದ ಹುಲ್ಲು ಬಂದು ಗಿಡ್ಡ ಗಿಡವನ್ನು ಮುಚ್ಚಿಹಾಕಿತು. ಪರಿಸರ ಉಳಿಸೋಣ ಅಂತ ದನ ಮೇಯಿಸುವುದನ್ನು ನಿಲ್ಲಿಸಿದ ಕಡೆ ಚಿಟ್ಟೆ ಇನ್ನೂ ಬೇಗ ಕುಸಿಯಿತು. ದನ ಮೇಯುತ್ತಿದ್ದ ಕಡೆ ಉಳಿಯಿತು, ಯಾಕಂದರೆ ಹುಲ್ಲನ್ನು ತಗ್ಗಿಸಿ ಇಡುತ್ತಿದ್ದದ್ದು ಅವೇ. ನೆದರ್ಲೆಂಡ್ಸ್‌ನಲ್ಲಿ ಅದೇ ದನ ಆರೋಪಿ. ಕೊಟ್ಟಿಗೆಗಳ ಅಮೋನಿಯಾ ಸಂರಕ್ಷಿತ ಪ್ರದೇಶಗಳ ಮೇಲೆ ಬೀಳುತ್ತಿದೆ ಅಂತ 2019ರ ಮೇ ತಿಂಗಳಲ್ಲಿ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಸರ್ಕಾರದ ನೈಟ್ರೋಜನ್ ಪರವಾನಗಿ ಪದ್ಧತಿಯನ್ನೇ ರದ್ದು ಮಾಡಿತು. ಸಾವಿರಾರು ಕಟ್ಟಡ-ರಸ್ತೆ ಕಾಮಗಾರಿ ನಿಂತವು, 2020ರಲ್ಲಿ ಹೆದ್ದಾರಿಯ ಹಗಲಿನ ವೇಗಮಿತಿಯನ್ನು 100 ಕಿಲೋಮೀಟರಿಗೆ ಇಳಿಸಿದರು, ರೈತರು ಟ್ರ್ಯಾಕ್ಟರ್ ಹತ್ತಿ ಬೀದಿಗೆ ಬಂದರು. ನೆಲಕ್ಕೆ ಎಷ್ಟು ಬೀಳಬಹುದು ಅನ್ನುವ ಮಿತಿಯನ್ನು ಕಾನೂನು ಗಂಭೀರವಾಗಿ ತೆಗೆದುಕೊಂಡರೆ ಎಷ್ಟು ದುಬಾರಿ ಅಂತ ಗೊತ್ತಾದ ಅಪರೂಪದ ದೇಶ ಅದು. ರೈತರ ಸಿಟ್ಟು ನನಗೆ ಅರ್ಥವಾಗುತ್ತದೆ. ದಶಕಗಟ್ಟಲೆ 'ಹೆಚ್ಚು ದನ ಕಟ್ಟಿ' ಅಂದವರೇ ರಾತ್ರೋರಾತ್ರಿ 'ಕಮ್ಮಿ ಮಾಡಿ' ಅಂದರೆ ಯಾರಿಗೆ ಉರಿಯುವುದಿಲ್ಲ?

ವಿಷವೂ ಅಲ್ಲದ, ಕೊರತೆಯೂ ಅಲ್ಲದ, ಅತಿಯೂ ಅಲ್ಲದ ಇನ್ನೊಂದು ಬಗೆಯ ಹಾನಿ ಇದೆ. ಹೂವಿನ ಘಮ ಅಂದರೆ ಗಾಳಿಯಲ್ಲಿ ತೇಲುವ ಅಣುಗಳು. ಓಝೋನ್ ಮತ್ತು ನೈಟ್ರೋಜನ್ ಆಕ್ಸೈಡುಗಳು ದಾರಿಯಲ್ಲೇ ಅವನ್ನು ಮುರಿಯುತ್ತವೆ. ಕೈಗಾರಿಕೆಗೆ ಮುಂಚಿನ ಗಾಳಿಯಲ್ಲಿ ಒಂದು ಕಿಲೋಮೀಟರ್ ದಾಟಿ ಹೋಗುತ್ತಿದ್ದ ಪರಿಮಳ ಕೊಳಕು ಗಾಳಿಯಲ್ಲಿ ಇನ್ನೂರು-ಮುನ್ನೂರು ಮೀಟರಿಗೆ ನಿಲ್ಲುತ್ತದೆ ಅಂತ 2008ರ ಗಣಿತ ಮಾದರಿಯೊಂದು ಅಂದಾಜಿಸಿತ್ತು. ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದವರು ಬಯಲಿನಲ್ಲೇ ಸಾಸಿವೆ ಗಿಡಗಳ ಸುತ್ತ ಡೀಸೆಲ್ ಹೊಗೆ, ಓಝೋನ್ ಬಿಟ್ಟು ನೋಡಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೀಟಗಳ ಸಂಖ್ಯೆ ಶೇ 70ರವರೆಗೆ, ಹೂವಿಗೆ ಭೇಟಿ ಶೇ 90ರವರೆಗೆ ಇಳಿದಿತ್ತು. ಬಿಟ್ಟ ಪ್ರಮಾಣವೋ, ಕಾನೂನಿನ ಮಿತಿಯೊಳಗೇ! ಜೇನು ಸಾಯಲಿಲ್ಲ, ಹೂವು ಬಾಡಲಿಲ್ಲ, ಇಬ್ಬರ ನಡುವಿನ ಕರೆ ಕಟ್ ಆಯಿತು. ಹಣ್ಣಿನ ನೊಣಗಳ ಮೇಲಿನ ಇನ್ನೊಂದು ಪ್ರಯೋಗದಲ್ಲಂತೂ ಓಝೋನ್ ತಗುಲಿದ ಗಂಡುಗಳಿಗೆ ಹೆಣ್ಣು ಯಾವುದು ಗಂಡು ಯಾವುದು ಅನ್ನುವ ವಾಸನೆಯ ಗುರುತೇ ತಪ್ಪಿ, ಒಂದರ ಹಿಂದೊಂದು ಗಂಡುಗಳೇ ಸಾಲುಗಟ್ಟಿ ಓಡಾಡಿದವು.

ಹಾಗಾದರೆ ನೆಲದ ಪಾಲಿನ ಎಕ್ಯೂಐ ಯಾವುದು? ಬಂಡೆ, ಮರಗಳ ಮೇಲೆ ಅಂಟಿಕೊಂಡು ಬೆಳೆಯುವ ಕಲ್ಲುಹೂವು (ಲೈಕೆನ್) ಅನ್ನುತ್ತೇನೆ ನಾನು. ಅದಕ್ಕೆ ಬೇರಿಲ್ಲ, ಎಲೆಗಿರುವಂಥ ಮೇಣದ ಹೊದಿಕೆ ಇಲ್ಲ, ತಿನ್ನುವುದೆಲ್ಲ ಗಾಳಿಯಿಂದ, ಮಳೆಯಿಂದ. 1866ರಲ್ಲೇ ವಿಲ್ಹೆಲ್ಮ್ ನೈಲಾಂಡರ್ ಎಂಬುವರು ಪ್ಯಾರಿಸ್ಸಿನ ಲಕ್ಸಂಬರ್ಗ್ ಉದ್ಯಾನದ ಕಲ್ಲುಹೂವುಗಳನ್ನು ಎಣಿಸಿ, ಇವು ಗಾಳಿಯ ಶುದ್ಧತೆಯ ಅಳತೆಗೋಲು ಅಂದಿದ್ದರು. ಮುಂದೆ ಅಲ್ಲಿ ಅವೆಲ್ಲ ಅಳಿದೇ ಹೋದವು. ಇಂಗ್ಲೆಂಡಿನ ಕೈಗಾರಿಕಾ ಊರುಗಳಲ್ಲಿ ಮರದ ಕಾಂಡದ ಕಲ್ಲುಹೂವು ಸತ್ತು ಮೇಲೆ ಮಸಿ ಕೂತಾಗ, ಬಿಳಿ ಬಣ್ಣದ ಪೆಪ್ಪರ್ಡ್ ಪತಂಗ ಹಕ್ಕಿಗಳ ಕಣ್ಣಿಗೆ ಎದ್ದುಕಂಡು, ಕರಿ ಪತಂಗಗಳೇ ಉಳಿದ ಕಥೆ ಶಾಲೆಯಲ್ಲೇ ಓದಿರುತ್ತೀರಿ. ಕಲ್ಲುಹೂವಿನ ಕಥೆ ಇನ್ನೂ ಮುಂದಿದೆ. ಕ್ಯಾಲಿಫೋರ್ನಿಯಾ ಕರಾವಳಿಯ ಮಂಜಿನಲ್ಲಿ ಪಾದರಸ ಇರುತ್ತದೆ. ಮಂಜನ್ನು ಕಲ್ಲುಹೂವು ಹೀರುತ್ತದೆ, ಕಲ್ಲುಹೂವನ್ನು ಜಿಂಕೆ ತಿನ್ನುತ್ತದೆ, ಜಿಂಕೆಯನ್ನು ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕು ತಿನ್ನುತ್ತದೆ. ಸಾಂಟಾ ಕ್ರೂಝ್ ಬೆಟ್ಟಗಳಲ್ಲಿ ಮಂಜು ಕವಿಯುವ ಕಡೆಯ ಪ್ಯೂಮಾಗಳ ಮೈಯಲ್ಲಿ, ಮಂಜಿಲ್ಲದ ಒಳನಾಡಿನವಕ್ಕಿಂತ ಸುಮಾರು ಮೂರು ಪಟ್ಟು ಪಾದರಸ ಸಿಕ್ಕಿದ್ದು 2019ರಲ್ಲಿ ವರದಿಯಾಯಿತು. ಮಂಜಿನಲ್ಲಿ ನಿಂತು ಉಸಿರೆಳೆದರೆ ನಮಗೇನೂ ಆಗದು, ಅಷ್ಟು ಅಲ್ಪ ಪ್ರಮಾಣ. ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಅದೇ ದೊಡ್ಡದಾಗಿರುತ್ತದೆ.

ಗಾಳಿ ಸರಿಯಾದ ಮೇಲೆ ಏನಾಗುತ್ತದೆ? ಪತಂಗಗಳು ಮತ್ತೆ ಬಿಳಿಯಾದವು, ಕಲ್ಲುಹೂವುಗಳು ನಗರಗಳಿಗೆ ಮರಳುತ್ತಿವೆ. ಒಂದು ತಮಾಷೆಯೂ ನಡೆದಿದೆ. ಆಕಾಶದಿಂದ ಬಿಟ್ಟಿ ಬೀಳುತ್ತಿದ್ದ ಗಂಧಕ ನಿಂತದ್ದರಿಂದ ಯುರೋಪಿನ ಕೆಲವು ಕಡೆ ಸಾಸಿವೆ ಜಾತಿಯ ಎಣ್ಣೆಬೀಜದ ಬೆಳೆಗೆ ಗಂಧಕದ ಕೊರತೆ ಕಾಣಿಸಿಕೊಂಡು, ರೈತರು ಈಗ ದುಡ್ಡು ಕೊಟ್ಟು ಗಂಧಕ ಹಾಕುತ್ತಾರೆ. ಮಣ್ಣು ಮಾತ್ರ ಇಷ್ಟು ಬೇಗ ಚೇತರಿಸಿಕೊಳ್ಳುವುದಿಲ್ಲ.

ಕೆನಡಾದ ಸಡ್‌ಬರಿ ನೋಡಿ. ನಿಕಲ್ ಮತ್ತು ತಾಮ್ರದ ಅದಿರನ್ನು ಮೊದಮೊದಲು ಬಯಲಲ್ಲೇ ಸೌದೆ ರಾಶಿ ಹಾಕಿ ಸುಡುತ್ತಿದ್ದರು. ಸೌದೆಗೆ ಕಾಡು ಹೋಯಿತು, ಹೊಗೆಗೆ ಉಳಿದದ್ದು ಹೋಯಿತು, ಆಮೇಲೆ ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗಿ ಕರಿ ಬಂಡೆಗಳ ಬಯಲಾಯಿತು. 1972ರಲ್ಲಿ 381 ಮೀಟರ್ ಎತ್ತರದ ಚಿಮಣಿ ಕಟ್ಟಿದರು. ಊರಿನ ಗಾಳಿ ತಿಳಿಯಾಯಿತು, ಹೊಗೆ ಇನ್ನೂ ದೂರದವರ ಪಾಲಾಯಿತು. ಎತ್ತರದ ಚಿಮಣಿ ಅಂದರೆ ನಮ್ಮ ಕಸವನ್ನು ಪಕ್ಕದವರ ಅಂಗಳಕ್ಕೆ ಗುಡಿಸುವ ಉದ್ದನೆಯ ಪೊರಕೆ, ಅಷ್ಟೇ. ನಿಜವಾದ ದುರಸ್ತಿ ಶುರುವಾದದ್ದು ಹೊಗೆಯಲ್ಲಿ ಗಂಧಕವನ್ನೇ ಇಳಿಸಿದಾಗ, ಮತ್ತು 1978ರಿಂದ ಜನ ಬಂಡೆ ಹತ್ತಿ ಕೈಯಿಂದಲೇ ಸುಣ್ಣಕಲ್ಲಿನ ಪುಡಿ ಎರಚಲು ಹೊರಟಾಗ. ಸುಣ್ಣ ಬಿದ್ದ ಕಡೆ ಹುಲ್ಲು ಬಂತು, ಹುಲ್ಲಿನ ನಡುವೆ ಸಸಿ ನೆಟ್ಟರು, ಇಲ್ಲಿಯವರೆಗೆ ನೆಟ್ಟದ್ದು ಒಂದು ಕೋಟಿಗೂ ಹೆಚ್ಚು ಮರ. ಈಗ ಆ ಗುಡ್ಡಗಳು ಹಸಿರು. ಊರಿನ ಗಾಳಿ ಎಷ್ಟೋ ವರ್ಷದಿಂದ ಚೆನ್ನಾಗಿದೆ. ಕಾಲಲ್ಲಿ ಸ್ವಲ್ಪ ಕೆದಕಿದರೆ ಸಿಗುವ ಆ ತೆಳು ಮಣ್ಣಿನಲ್ಲಿ ಮಾತ್ರ ಹಳೆಯ ಹೊಗೆಯ ತಾಮ್ರ, ನಿಕಲ್ ಇನ್ನೂ ಹಾಗೇ ಇವೆ.